ಆ ಏಳು ಯಾರದ್ದು

ಅವರ ಬಲಗೈ ಕಿರುಬೆರಳಿನ ಉಗುರು ಉಳಿದೆಲ್ಲ ಉಗುರುಗಳಿಗಿಂತ ಉದ್ದವಾಗಿತ್ತು. ಹಳದಿಗೆ ತಿರುಗಿದ್ದ ಆ ಉಗುರನ್ನು ಅವರು ಕತ್ತರಿಸುತ್ತಿರಲಿಲ್ಲ, ತುದಿಯನ್ನು ಮಾತ್ರ ಆಗಾಗ ಮೇಜಿನ ಅಂಚಿಗೆ ತಿಕ್ಕಿ ಸರಿಮಾಡಿಕೊಳ್ಳುತ್ತಿದ್ದರು. ಕಿವಿ ಕೆರೆದುಕೊಳ್ಳಲು ಅದೇ, ಲಕೋಟೆ ಒಡೆಯಲು ಅದೇ, ನನ್ನ ಕಂಪ್ಯೂಟರಿನ ಪರದೆಯ ಮೇಲೆ ತಪ್ಪು ತೋರಿಸಲೂ ಅದೇ. ಸದ್ದಿಲ್ಲದೆ ಹಿಂದಿನಿಂದ ಬಂದು, ನನ್ನ ಭುಜದ ಮೇಲಿಂದ ಕೈ ಚಾಚಿ, ನಾನು ಬರೆದ ಅಂಕಿಯ ಮೇಲೆ ಟಕ್ ಟಕ್ ಎಂದು ಕುಟ್ಟುತ್ತಿದ್ದರು. ನಾನು ಆ ಕಚೇರಿ ಬಿಡುವ ಹೊತ್ತಿಗೆ ಪರದೆಯ ತುಂಬ ಸಣ್ಣ ಸಣ್ಣ ಗೀರುಗಳಾಗಿದ್ದವು. ಸತ್ತವರ ಬಗ್ಗೆ ಬರೆಯುವಾಗ ಹೀಗೆ ಶುರುಮಾಡಬಾರದು ಎನ್ನುವವರಿದ್ದಾರೆ. ಅವರು ಬೇಕಾದರೆ ಬೇರೆ ಬರೆದುಕೊಳ್ಳಲಿ.

ಅದು ಠಾಣೆಯ ಹತ್ತಿರದ ಮಹಾಪೆಯ ಒಂದು ಖಾಸಗಿ ಹವಾಮಾನ ಕಂಪೆನಿ. ದೊಡ್ಡದೇನಲ್ಲ, ಕೆಳಗೆ ಪ್ಲಾಸ್ಟಿಕ್ ಡಬ್ಬಿ ಮಾಡುವ ಕಾರ್ಖಾನೆ, ಮೇಲಿನ ಮಹಡಿಯಲ್ಲಿ ನಾವು. ಹೊಸ ಶತಮಾನದ ಮೊದಲ ದಶಕ ಮುಗಿಯುತ್ತ ಬಂದಿತ್ತು, ಮೊಬೈಲಿಗೆ ಎಸ್ಸೆಮ್ಮೆಸ್ ಬಂದರೆ ಜನ ತೆರೆದು ಓದುತ್ತಿದ್ದ ಕಾಲ. ಹಡಗಿನವರಿಗೆ ಗಾಳಿ, ಬಿಲ್ಡರುಗಳಿಗೆ ಮಳೆ, ನಾಶಿಕದ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಚಳಿ, ಹೀಗೆ ಯಾರಿಗೆ ಯಾವುದರ ಮುನ್ಸೂಚನೆ ಬೇಕೋ ಅದನ್ನು ಮಾಡಿ ಕಳಿಸುವುದು ನಮ್ಮ ಕಸುಬು. ನಾನಿದ್ದದ್ದು ಚಳಿಯ ವಿಭಾಗದಲ್ಲಿ. ಡಿಸೆಂಬರ್, ಜನವರಿಯಲ್ಲಿ ರಾತ್ರಿಯ ತಾಪಮಾನ ಎಷ್ಟಕ್ಕೆ ಇಳಿಯುತ್ತದೆಂದು ಸಂಜೆಯೊಳಗೆ ಹೇಳಬೇಕು. ತೀರ ಇಳಿಯುತ್ತದೆ ಎಂದರೆ ಬೆಳೆಗಾರರು ಬಳ್ಳಿಸಾಲುಗಳ ನಡುವೆ ಹೊಗೆ ಹಾಕುತ್ತಾರೆ, ನೀರು ಬಿಟ್ಟು ನೆಲ ಒದ್ದೆ ಮಾಡುತ್ತಾರೆ, ಮನೆಮಂದಿಯೆಲ್ಲ ನಿದ್ದೆಗೆಟ್ಟು ತೋಟ ಕಾಯುತ್ತಾರೆ. ಇಳಿಯುವುದಿಲ್ಲ ಎಂದರೆ ಹೊದ್ದು ಮಲಗುತ್ತಾರೆ. ನಮ್ಮ ಒಂದು ಅಂಕಿಯ ಮೇಲೆ ಅವರ ರಾತ್ರಿ ನಿಂತಿತ್ತು. ಆ ವಿಭಾಗದ ಮುಖ್ಯಸ್ಥರು ಇವರು. ಕಚೇರಿಯಲ್ಲಿ ಎಲ್ಲರೂ ಅವರನ್ನು ಚೀಫ್ ಎನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ.

ಅವರೂ ನಮ್ಮ ಹಾಗೆ ಉಡುಪಿಯ ಕಡೆಯವರು. ಮನೆ ಕೋಪರಿಯಲ್ಲಿ, ಠಾಣೆ ಸ್ಟೇಷನ್ನಿಗೆ ಅಂಟಿಕೊಂಡಂತೆ. ಅಲ್ಲೇ ಹತ್ತಿರದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ನನ್ನ ಅಪ್ಪ ಗಲ್ಲಾದ ಮೇಲೆ ಕೂರುತ್ತಿದ್ದರು. ಚೀಫ್ ದಿನಾ ಬೆಳಿಗ್ಗೆ ಅಲ್ಲಿಗೆ ಬಂದು, ಇಡ್ಲಿ ತಿಂದು, ಚಟ್ನಿಯಲ್ಲಿ ಏನಾದರೊಂದು ಕೊರತೆ ಎತ್ತಿ ಹೋಗುವವರು. ಅಪ್ಪ ಒಂದು ದಿನ ನನ್ನ ಮಗಳು ಫಿಸಿಕ್ಸಿನಲ್ಲಿ ಎಮ್ಮೆಸ್ಸಿ ಮುಗಿಸಿದ್ದಾಳೆ ಎಂದರಂತೆ. ನನ್ನನ್ನು ಕರೆದರು, ಸಂದರ್ಶನ ಮಾಡಿದರು, ಅಂಕಪಟ್ಟಿ ನೋಡಿ ತೆಗೆದುಕೊಂಡರು. ಆದರೆ ಡೊಂಬಿವಲಿಯ ನಮ್ಮ ಮನೆಯಲ್ಲಿ ಅದು ಇವತ್ತಿಗೂ 'ಅವರು ಕೊಡಿಸಿದ ಕೆಲಸ'. ನಾನು ಏನೇ ದೂರು ತಂದರೂ ಅಪ್ಪನದ್ದು ಒಂದೇ ಮಾತು: ಊರಿನವರು, ಹಿರಿಯರು, ಎದುರು ಮಾತಾಡಬೇಡ. ಹಾಗಾಗಿ ನಾನು ಮಾತಾಡಲಿಲ್ಲ. ಹಲ್ಲು ಕಚ್ಚಿಕೊಂಡು ದಾರಿಯ ಶೀಳ್‌ಫಾಟಾ ನಾಕೆಯ ಧೂಳು ಕುಡಿಯುತ್ತ ಬಸ್ಸಿನಲ್ಲಿ ಹೋಗಿ ಬಂದು ಮಾಡುತ್ತಿದ್ದೆ.

ಆ ಕಚೇರಿಯಲ್ಲಿ ಉಳಿದವರೆಲ್ಲ ಮರಾಠಿ, ಹಿಂದಿಯವರು. ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ನೋಡಿದವರಿಗೆ ಅದು ನನ್ನ ಭಾಗ್ಯವಾಗಿ ಕಾಣುತ್ತಿತ್ತು, ನಿನಗೇನಮ್ಮ ನಿನ್ನ ಗಾಂವ್‌ವಾಲೆ ಇದ್ದಾರೆ ಎನ್ನುತ್ತಿದ್ದರು. ನಿಜಸಂಗತಿ ಏನೆಂದರೆ, ಚೀಫ್ ಇಂಗ್ಲಿಷಿನಲ್ಲಿ ಇತರರನ್ನು ಹೊಗಳುತ್ತಿದ್ದರು, ಹಿಂದಿಯಲ್ಲಿ ಕೆಲಸ ಹೇಳುತ್ತಿದ್ದರು, ಕನ್ನಡವನ್ನು ನನ್ನನ್ನು ಬೈಯಲೆಂದು ಇಟ್ಟುಕೊಂಡಿದ್ದರು. ಅದೂ ನಗುನಗುತ್ತ, ದನಿ ಒಂದಿಷ್ಟೂ ಏರಿಸದೆ. "ಎಂತ ಮಾರಾಯ್ತಿ, ಇದನ್ನು ಬರೆಯುವಾಗ ತಲೆಯನ್ನು ಡೊಂಬಿವಲಿಯಲ್ಲೇ ಬಿಟ್ಟು ಬಂದಿದ್ದೆಯಾ?" ಎಂದು ಅವರು ಮುಗುಳ್ನಕ್ಕು ಕೇಳಿದರೆ, ಪಕ್ಕದ ಮೇಜಿನವನು ನಾವು ಊರಿನ ಸುದ್ದಿ ಮಾತಾಡುತ್ತಿದ್ದೇವೆ ಎಂದುಕೊಂಡು ತಾನೂ ನಗುತ್ತಿದ್ದ. ಅವನ ಎದುರಿಗೆ ನಾನೂ ಹಲ್ಲು ಕಿರಿಯಬೇಕಾಗುತ್ತಿತ್ತು. ಮನೆಯಲ್ಲಿ ತುಳು, ಬೀದಿಯಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ ಎಂದು ಬೆಳೆದವಳು ನಾನು. ಕನ್ನಡವನ್ನು ಶಾಲೆಯಲ್ಲಿ ಕಲಿತು, ಇಷ್ಟಪಟ್ಟು ಉಳಿಸಿಕೊಂಡಿದ್ದೆ. ಅದನ್ನು ಈ ಮನುಷ್ಯ ಎಂಜಲು ಮಾಡಿಬಿಟ್ಟರು ಎಂಬ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಅವರದ್ದೊಂದು ಕಟ್ಟಳೆ ಇತ್ತು. ರಾತ್ರಿಯ ಅಂಕಿ ಕೆಟ್ಟದಾಗಿ ತಪ್ಪಿದರೆ ಮರುಬೆಳಿಗ್ಗೆ ಅದನ್ನು ಬರೆದವರೇ ಬೆಳೆಗಾರನಿಗೆ ಫೋನ್ ಮಾಡಬೇಕು. ಅವನು ನಮಗೆ ಮಾಡುವ ಮೊದಲು ನಾವು ಅವನಿಗೆ ಮಾಡಬೇಕು. ಕಂಪ್ಯೂಟರಿನ ಹವಾಮಾನ ಲೆಕ್ಕ, ಅಂದರೆ ಮಾಡೆಲ್, ಹಾಗೆ ತೋರಿಸಿತು ಎನ್ನಕೂಡದು. ಮೋಡ ಬರಬೇಕಿತ್ತು, ಬರಲಿಲ್ಲ ಎನ್ನಕೂಡದು. ನಾನು ಇಷ್ಟು ಹೇಳಿದ್ದೆ, ಇಷ್ಟಾಯಿತು, ತಪ್ಪಿದ್ದು ನಾನು. ಅಷ್ಟು ಹೇಳಿ, ಎದುರಿನವನು ಬೈದದ್ದನ್ನು ಪೂರ್ತಿ ಕೇಳಿ, ಆಮೇಲೆ ಫೋನ್ ಇಡಬೇಕು. ಮೊದಲ ಸಲ ನಾನು ತೊದಲುತ್ತ ಮಾಡೆಲಿನ ಹೆಸರೆತ್ತಿದಾಗ ಅವರು ಫೋನಿನ ಗುಂಡಿ ಅದುಮಿ ಕರೆಯನ್ನೇ ಕಡಿದುಹಾಕಿದರು.

"ಮಾಡೆಲಿಗೆ ಬಾಯಿ ಉಂಟಾ? ಸಂಬಳ ಉಂಟಾ? ಮತ್ತೆ ಯಾಕೆ ಅದನ್ನು ಮುಂದೆ ದೂಡ್ತಿ? ಪುನಃ ಮಾಡು. ನಾನು ಅಂತ ಹೇಳು."

ಪುನಃ ಮಾಡಿದೆ. ಬೆಳಗಿನ ಹೊತ್ತು ಹೊಗೆ ಕುಡಿದು ಗಂಟಲು ಕಟ್ಟಿದ ಅಪರಿಚಿತ ಗಂಡಸೊಬ್ಬ ಮರಾಠಿಯಲ್ಲಿ ನನ್ನ ವಿದ್ಯೆ, ನನ್ನ ಕಂಪೆನಿ, ನನ್ನ ವಂಶ ಎಲ್ಲವನ್ನೂ ಜಾಲಾಡುವುದನ್ನು ಕೇಳಿಸಿಕೊಂಡೆ. ಆ ಕರೆಗಳೆಂದರೆ ನನಗೆ ಮೈ ಉರಿಯುತ್ತಿತ್ತು. ಹಿಂದಿನ ರಾತ್ರಿಯ ಅಂಕಿ ತಪ್ಪಿದೆ ಎಂದು ಗೊತ್ತಾದ ದಿನ ಬಸ್ಸಿನಿಂದ ಇಳಿಯಲೇ ಕಾಲು ಬರುತ್ತಿರಲಿಲ್ಲ. ಚೀಫ್ ತಾವೇ ಅಂಕಿ ಬರೆಯುತ್ತಿದ್ದ ದಿನಗಳೂ ಇದ್ದವು, ಅವೂ ತಪ್ಪುತ್ತಿದ್ದವು. ಆ ಬೆಳಿಗ್ಗೆಗಳಲ್ಲಿ ಅವರು ಮಾಲೀಕರ ಗಾಜಿನ ಕೋಣೆಯಲ್ಲಿ ಏನೋ ಚರ್ಚೆಯಲ್ಲಿರುತ್ತಿದ್ದರು. ಅವರು ಫೋನ್ ಎತ್ತಿ 'ತಪ್ಪಿದ್ದು ನಾನು' ಎಂದದ್ದನ್ನು ನಾನಂತೂ ಒಂದು ದಿನವೂ ಕಾಣಲಿಲ್ಲ.

ವಿದ್ಯೆ ಇರಲಿಲ್ಲ ಎನ್ನಲಾರೆ. ಇದ್ದದ್ದೇ ನನಗೆ ಕಷ್ಟವಾಯಿತು. ಬರೀ ದಡ್ಡರಾಗಿದ್ದರೆ ಯಾವತ್ತೋ ಮರೆತು ಹಾಯಾಗಿರುತ್ತಿದ್ದೆ.

ಒಂದು ಜನವರಿಯ ಮುಂಜಾನೆ ನನ್ನನ್ನು ಬದಲಾಪುರಕ್ಕೆ ಬರಹೇಳಿದರು. ಅವರು ಠಾಣೆಯಲ್ಲಿ ಹತ್ತಿದ ಕರ್ಜತ್ ಲೋಕಲನ್ನೇ ನಾನು ಡೊಂಬಿವಲಿಯಲ್ಲಿ ಹತ್ತಿ ಅಲ್ಲಿ ಇಳಿದೆ. ಕಚೇರಿಯ ಕಿಟಕಿಯಿಂದ ಕಿತ್ತು ತಂದಿದ್ದ ಪರದೆಯ ಕೋಲಿಗೆ ಅವರೊಂದು ಥರ್ಮಾಮೀಟರ್ ಕಟ್ಟಿದ್ದರು. ಆ ಕೋಲನ್ನು ನನ್ನ ಕೈಗೆ ಕೊಟ್ಟು ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಲ್ಲಿಸಿದರು. ಹಾಲಿನ ಕ್ಯಾನಿನವರು, ಹೂವಿನ ಬುಟ್ಟಿಯ ಹೆಂಗಸರು ನನ್ನನ್ನು ನೋಡಿಕೊಂಡು ಹೋದರು. ಅಲ್ಲಿಂದ ರಿಕ್ಷಾ ಮಾಡಿ ಉಲ್ಹಾಸ್ ನದಿಯ ಪಕ್ಕದ ತಗ್ಗಿನ ಗದ್ದೆಗೆ ಕರೆದುಕೊಂಡು ಹೋಗಿ ಅಲ್ಲೂ ನಿಲ್ಲಿಸಿದರು. ಪ್ಲಾಟ್‌ಫಾರ್ಮಿನಲ್ಲಿ ಒಂದು ಶಾಲು ಸಾಕಾಗಿತ್ತು. ನದಿಯ ಹತ್ತಿರ ನನ್ನ ಬೆರಳು ಮರಗಟ್ಟಿ ಕೋಲು ಹಿಡಿದದ್ದೇ ತಿಳಿಯುತ್ತಿರಲಿಲ್ಲ. ಪಾದರಸ ಅಷ್ಟು ದೂರಕ್ಕೇ ಹಲವು ಡಿಗ್ರಿ ಇಳಿದಿತ್ತು. ಚೀಫ್ ಜೇಬಿನಿಂದ ಹಿಂದಿನ ದಿನದ ಮಾಡೆಲಿನ ನಕ್ಷೆ ತೆಗೆದರು. ಅದರಲ್ಲಿ ಠಾಣೆಯ ಖಾಡಿಯ ಹಿನ್ನೀರಿನಿಂದ ಬದಲಾಪುರದವರೆಗೆ ಒಂದೇ ಬಣ್ಣ.

"ನೋಡು, ಕೋಪರಿಗೂ ಬದಲಾಪುರಕ್ಕೂ ಒಂದೇ ಕಂಬಳಿ ಹೊದಿಸಿದೆ ಇದು. ಯಾಕೆ ಹೇಳು ನೋಡುವ."

ನನಗೆ ಗೊತ್ತಿರಲಿಲ್ಲ. ಅವರು ಹೇಳಿದರು. ಮಾಡೆಲ್ ನಮ್ಮ ತಲೆಯ ಎತ್ತರದ ಗಾಳಿಯನ್ನು ಲೆಕ್ಕ ಮಾಡುವುದೇ ಇಲ್ಲವಂತೆ. ನೆಲದ ಮೈ ಎಷ್ಟು ತಣ್ಣಗಿದೆ ಎಂದು ಅದಕ್ಕೆ ಗೊತ್ತು, ತೆಂಗಿನ ಮರದ ತಲೆಯ ಎತ್ತರದ ಗಾಳಿ ಹೇಗಿದೆ ಎಂದು ಗೊತ್ತು, ನಡುವಿನದನ್ನು ಅಂದಾಜಿನಲ್ಲಿ ತುಂಬುತ್ತದೆ. ಗಾಳಿ ಆಡುವ ರಾತ್ರಿಗಳಲ್ಲಿ ಆ ಅಂದಾಜು ಸರಿಹೋಗುತ್ತದೆ. ಗಾಳಿ ಸತ್ತ ರಾತ್ರಿಗಳಲ್ಲಿ ಕೈಕೊಡುತ್ತದೆ. "ಮಾಡೆಲಿಗೆ ಸುಮ್ಮನೆ ಕೂತ್ಕೊಳ್ಳಲಿಕ್ಕೆ ಗೊತ್ತಿಲ್ಲ, ನಿನ್ನ ಹಾಗೆ. ಗಾಳಿ ಇಲ್ಲದಿದ್ರೂ ಒಂದಿಷ್ಟು ಆಡಿಸ್ತಾ ಇರ್ತದೆ, ಮೇಲಿನ ಬಿಸಿಯನ್ನು ಕೆಳಗೆ ತರ್ತಾ ಇರ್ತದೆ. ಇಲ್ಲಿ ನೋಡು, ಎಂತದೂ ಆಡುದಿಲ್ಲ. ತಣ್ಣಗಿನ ಗಾಳಿ ಭಾರ. ತಗ್ಗು ಎಲ್ಲುಂಟು ಅಂತ ಹುಡುಕಿಕೊಂಡು ಹೋಗಿ ಕೂತ್ಕೊಳ್ತದೆ." ಆಮೇಲೆ ಎಷ್ಟೋ ಪುಸ್ತಕ ಓದಿದ್ದೇನೆ. ಇದನ್ನು ಇಷ್ಟು ಬಿಡಿಸಿ ಯಾರೂ ಹೇಳಲಿಲ್ಲ. ಹೇಳಿ ಮುಗಿಸಿದ ಚೀಫ್ ನನ್ನನ್ನು ಕೋಲಿನ ಜೊತೆ ಅಲ್ಲೇ ಬಿಟ್ಟು ರಸ್ತೆಬದಿಯ ಟಪರಿಯಲ್ಲಿ ತಾವೊಬ್ಬರೇ ಚಹಾ ಕುಡಿದು ಬಂದರು. ನಿನಗೆ ಬೇಕಾ ಎಂದೂ ಕೇಳಲಿಲ್ಲ. ಇಂಥ ಮನುಷ್ಯ.

ಅಲ್ಲಿ ಕಲಿತದ್ದನ್ನು ನಾನು ಹಿಡಿದುಕೊಂಡೆ. ನಾಶಿಕದ ನಿಫಾಡ್ ಕಡೆಯ ಒಬ್ಬ ಬೆಳೆಗಾರರಿದ್ದರು, ವಯಸ್ಸಾದವರು, ನಾನು ಕಾಕಾ ಎನ್ನುತ್ತಿದ್ದೆ. ಅವರ ದ್ರಾಕ್ಷಿ ತೋಟ ಹೊಳೆಯ ಪಕ್ಕದ ತಗ್ಗಿನಲ್ಲಿತ್ತು. ಅವರಿಗೆ ಫೋನಿನಲ್ಲೇ ಹೇಳಿಕೊಟ್ಟು ತೋಟದ ಕಂಬಕ್ಕೆ ಥರ್ಮಾಮೀಟರ್ ಕಟ್ಟಿಸಿದೆ. ಒಂದು ಚಳಿಗಾಲವಿಡೀ ಅವರು ಬೆಳಿಗ್ಗೆ ಎದ್ದು ನೋಡಿ ನನಗೆ ಹೇಳುತ್ತಿದ್ದರು. ಆಕಾಶ ತಿಳಿಯಾಗಿ, ಹವೆ ಒಣಗಿ, ಗಾಳಿ ನಿಂತ ರಾತ್ರಿಗಳಲ್ಲಿ ಅವರ ತೋಟ ಮಾಡೆಲಿಗಿಂತ ನಾಲ್ಕು ಡಿಗ್ರಿಯಷ್ಟು ಕೆಳಗಿಳಿಯುತ್ತಿತ್ತು. ಅಂಥ ರಾತ್ರಿ ಬಂದಾಗ ತಗ್ಗಿನ ತೋಟಗಳಿಗೆ ನಾಲ್ಕು ಕಳೆದು ಹೇಳೋಣ ಎಂದು ನಾನು ಚೀಫ್ ಮುಂದೆ ಇಟ್ಟೆ. ಕಾಕಾಗೂ ಹೇಳಿದ್ದೆ, ನಿಮ್ಮ ತೋಟ ಇಷ್ಟು ಕೆಳಗೆ ಹೋಗುತ್ತದೆ ಎಂದು. ಅವರು ಹಿಗ್ಗಿ, ನನ್ನ ತೋಟವನ್ನು ಸರಿಯಾಗಿ ನೋಡಿದ ಮೊದಲ ಆಫೀಸು ನಿಮ್ಮದು ಮಗಳೇ ಎಂದಿದ್ದರು. ಚೀಫ್ ಮಾತ್ರ ಒಂದು ತೋಟ ನೋಡಿ ಹತ್ತು ತೋಟಕ್ಕೆ ಹೇಳಲಿಕ್ಕಾಗುವುದಿಲ್ಲ ಎಂದು ಮೂಗು ಮುರಿದರು. ಆ ಮಾತೇನೂ ಸುಳ್ಳಲ್ಲ. ಕೊನೆಗೆ ಮುಂದಿನ ಚಳಿಗಾಲ ಪರೀಕ್ಷೆ ಮಾಡಿ ನೋಡುವ ಎಂದು ಒಪ್ಪಿದರು.

ಮುಂದಿನ ಚಳಿಗಾಲ ಬಂತು. ಒಂದೇ ವಾರದಲ್ಲಿ ಎರಡು ಸಲ ನಾನು ತಗ್ಗಿನ ತೋಟಗಳಿಗೆ ಮೂರು ಡಿಗ್ರಿ ಎಂದು ಬರೆದೆ. ಎರಡು ಸಲವೂ ಎಲ್ಲಿಂದಲೋ ತೆಳ್ಳಗಿನ ಮೋಡ ಬಂದು ಮುಚ್ಚಿ ನೆಲದ ಬಿಸಿ ಉಳಿದುಬಿಟ್ಟಿತು. ಚಳಿಯೇ ಬೀಳಲಿಲ್ಲ. ಬೆಳೆಗಾರರು ಸುಮ್ಮನೆ ಹೊಗೆ ಕುಡಿದು ಕೆಮ್ಮಿದರು. ನಾನು ಎರಡು ಸಲವೂ ಫೋನ್ ಮಾಡಿ ತಪ್ಪಿದ್ದು ನಾನು ಎಂದೆ. ಅದರಿಂದ ಸಮಾಧಾನವಾಗದ ಕೆಲವರು ಮಾಲೀಕರಿಗೇ ಫೋನ್ ಮಾಡಿದರು. ಮಾಲೀಕರು ಚೀಫನ್ನು ಗಾಜಿನ ಕೋಣೆಗೆ ಕರೆದು ಬೈದದ್ದು ನಮಗೆ ಕೇಳಿಸಲಿಲ್ಲ, ಕಾಣಿಸಿತು. ಚೀಫ್ ಕೈಕಟ್ಟಿಕೊಂಡು ನಿಂತಿದ್ದರು. ಸುಳ್ಳು ಯಾಕೆ, ಆಗ ನನಗೆ ಒಳಗೊಳಗೇ ಖುಷಿಯಾಯಿತು.

ಅದಾದ ಸ್ವಲ್ಪ ದಿನಕ್ಕೆ ಎಲ್ಲ ಕೂಡಿಬಂದ ಒಂದು ಮಧ್ಯಾಹ್ನ. ಉಪಗ್ರಹದ ಚಿತ್ರದಲ್ಲಿ ಗುಜರಾತಿನಿಂದ ಈಚೆಗೆ ಮೋಡದ ಸುಳಿವಿಲ್ಲ, ಹವೆ ಒಣಕಲು, ಗಾಳಿ ಆಗಲೇ ಸಾಯುತ್ತಿತ್ತು. ಮಾಡೆಲ್ ಏಳು ಡಿಗ್ರಿ ಎನ್ನುತ್ತಿತ್ತು. ನಾನು ತಗ್ಗಿನ ತೋಟಗಳಿಗೆ ಮೂರು ಎಂದು ಬರೆದೆ. ಸಂದೇಶ ಹೋಗಲು ಇನ್ನು ಸ್ವಲ್ಪವೇ ಹೊತ್ತಿತ್ತು. ಹಿಂದಿನಿಂದ ಕೈ ಬಂತು. ಮೂರರ ಮೇಲೆ ಟಕ್ ಟಕ್.

"ಇದು ಎಂತ?"

ಗಾಳಿ ಇಲ್ಲ, ಮೋಡವೂ ಬರುವುದಿಲ್ಲ, ಇಂಥ ರಾತ್ರಿಗಾಗಿಯೇ ಅಲ್ಲವೇ ಇಷ್ಟೆಲ್ಲ ಮಾಡಿದ್ದು ಎಂದೆ. ಮೊನ್ನೆಯೂ ಹೀಗೇ ಹೇಳಿದ್ದೆ ಎಂದರು. ಮೊನ್ನೆ ಚಿತ್ರದಲ್ಲಿ ಮೋಡದ ಅಂಚು ಇತ್ತು, ನಾನು ನೋಡದೆ ಹೋದೆ, ಇವತ್ತು ಇಲ್ಲ ಎಂದೆ. ಅವರು ಕೇಳುತ್ತಿರಲಿಲ್ಲ. ಅವರ ಕಣ್ಣು ಗಾಜಿನ ಕೋಣೆಯ ಕಡೆಗಿತ್ತು. ನನ್ನ ಮೇಲೆ ಬಗ್ಗಿ, ಮೂರನ್ನು ಅಳಿಸಿ, ಏಳು ಒತ್ತಿ, ಅವರೇ ಕಳಿಸಿಬಿಟ್ಟರು.

"ನಾಳೆ ಮೂರಾದ್ರೆ ನನ್ನನ್ನು ಕೇಳು," ಎಂದು ಹೋದರು.

ನೀನು ಕಾಕಾಗೆ ಬೇರೆಯಾಗಿ ಫೋನ್ ಮಾಡಬಹುದಿತ್ತಲ್ಲ ಎಂದು ಕೇಳುವವರಿಗೆ: ಮಾಡಿದೆ. ಬಸ್‌ಸ್ಟಾಪಿನಿಂದ ಮಾಡಿದೆ, ಬಸ್ಸಿನೊಳಗಿಂದ ಮಾಡಿದೆ, ಮನೆಯ ಮೆಟ್ಟಿಲಿನಿಂದ ಮಾಡಿದೆ. ಆ ಕಾಲದಲ್ಲಿ ಆ ಕಡೆಯ ಹಳ್ಳಿಗಳಿಗೆ ಎಸ್ಸೆಮ್ಮೆಸ್ ಹೇಗೋ ನುಸುಳಿ ಸೇರುತ್ತಿತ್ತು, ಸಂಜೆಯ ಮೇಲೆ ಕರೆ ಮಾತ್ರ ಎಷ್ಟೋ ಸಲ ಹತ್ತುತ್ತಿರಲಿಲ್ಲ. ಕಚೇರಿಯ ಅಂಕಿಗೆ ವಿರುದ್ಧವಾಗಿ ಎಸ್ಸೆಮ್ಮೆಸ್ ಬರೆದು ಕಳಿಸುವ ಧೈರ್ಯ ನನಗಾಗಲಿಲ್ಲ.

ಬೆಳಿಗ್ಗೆ ನಾನು ಕಚೇರಿಗೆ ಬಂದಾಗ ಚೀಫ್ ನನ್ನ ಮೇಜಿನ ಪಕ್ಕದಲ್ಲೇ ನಿಂತಿದ್ದರು. ತಗ್ಗಿನ ತೋಟಗಳು ಎರಡಕ್ಕೆ ಇಳಿದಿದ್ದವು. ಅದು ಅವರಿಗೂ ಗೊತ್ತಾಗಿತ್ತು. ಫೋನಿನ ರಿಸೀವರ್ ಎತ್ತಿ ನನ್ನ ಕಡೆ ಚಾಚಿದರು.

"ಮಾಡು."

"ಸರ್, ಆ ಏಳು ನಿಮ್ಮದು."

ಆ ಕಚೇರಿಯಲ್ಲಿ ನಾನು ಅವರ ತಪ್ಪನ್ನು ಅವರ ಮುಖಕ್ಕೇ ಹೇಳಿದ್ದು ಅದೇ ಮೊದಲು. ಕನ್ನಡದಲ್ಲಿ ಹೇಳಿದ್ದರಿಂದ ಯಾರಿಗೂ ತಿಳಿಯಲಿಲ್ಲ. ಚೀಫ್ ಎಂದಿನಂತೆ ಮುಗುಳ್ನಕ್ಕರು.

"ನಿನ್ನೆ ಡ್ಯೂಟಿ ಯಾರದ್ದು? ಸಂದೇಶದ ಕೆಳಗೆ ಹೆಸರು ಯಾರದ್ದುಂಟು? ಮಾಡು."

ಪಕ್ಕದ ಮೇಜಿನವನು ನಮ್ಮನ್ನು ನೋಡಿ ನಕ್ಕ. ಆ ಕ್ಷಣ ಹಿಂದಿಯಲ್ಲಿ ಕೂಗಿಬಿಡಬೇಕು ಎಂದು ನಾಲಿಗೆಯವರೆಗೆ ಬಂದಿತ್ತು. ಕೂಗಿದರೆ ಸಂಜೆಯೊಳಗೆ ಕೋಪರಿಯ ಹೋಟೆಲಿನ ಗಲ್ಲಾದಲ್ಲಿ ಅಪ್ಪ ತಲೆತಗ್ಗಿಸಿ ಕೂರಬೇಕಾಗುತ್ತಿತ್ತು. ರಿಸೀವರ್ ತೆಗೆದುಕೊಂಡೆ. ಈ ಸಲ ಕರೆ ಒಂದೇ ಯತ್ನಕ್ಕೆ ಹತ್ತಿತು. ಕಾಕಾ, ನಾನು ಏಳು ಹೇಳಿದ್ದೆ, ಎರಡಾಯಿತು, ತಪ್ಪಿದ್ದು ನಾನು ಎಂದೆ.

ಕಾಕಾ ಬೈಯಲಿಲ್ಲ. ಹೊಳೆಯ ಕಡೆಯ ಸಾಲುಗಳಲ್ಲಿ ಎಲೆಯೆಲ್ಲ ಕುದಿಯುವ ನೀರು ಹೊಯ್ದ ಹಾಗೆ ಬಾಡಿ ಕಪ್ಪಾಗುತ್ತಿದೆ, ಕಾಯಿ ಬಿಸಿಲೇರಿದ ಮೇಲೆ ಬಿರಿಯುತ್ತದೆ ಎಂದು ಬೇರೆ ಯಾರದೋ ತೋಟದ ಸುದ್ದಿಯ ಹಾಗೆ ಹೇಳಿದರು. ಆಮೇಲೆ ಕೇಳಿದರು.

"ನನ್ನ ತೋಟ ನಾಲ್ಕು ಕೆಳಗೆ ಹೋಗುತ್ತದೆ ಅಂತ ನನಗೆ ಹೇಳಿಕೊಟ್ಟವಳೇ ನೀನು. ಗೊತ್ತಿದ್ದೂ ಏಳು ಹೇಗೆ ಬರೆದೆ ಮಗಳೇ?"

ಅದಕ್ಕೆ ನನ್ನಲ್ಲಿ ಉತ್ತರವಿತ್ತು. ಎದುರಿಗೇ ನಿಂತು ಮೇಜಿನ ಅಂಚಿಗೆ ಉಗುರು ತಿಕ್ಕುತ್ತಿತ್ತು. ತಪ್ಪಿದ್ದು ನಾನು ಕಾಕಾ ಎಂದು ಇನ್ನೊಮ್ಮೆ ಹೇಳಿದೆ. ಅವರು ಫೋನ್ ಇಟ್ಟರು. ನಮ್ಮ ಸಂದೇಶ ಬೇಡ ಎಂದು ಅದೇ ವಾರ ಬರೆದು ಕಳಿಸಿದರು. ನನ್ನ ಕರೆಯನ್ನು ಮತ್ತೆ ಎತ್ತಲಿಲ್ಲ.

ಮಾಲೀಕರು ನನ್ನನ್ನು ಚಳಿಯಿಂದ ತೆಗೆದು ಬಿಲ್ಡರುಗಳ ಮಳೆಗೆ ಹಾಕಿದರು. ಜನವರಿಯಲ್ಲಿ ಮಳೆಯ ವಿಭಾಗ ಎಂದರೆ ನೊಣ ಹೊಡೆಯುವ ಕೆಲಸ. ಬೇಸಿಗೆಯವರೆಗೆ ಅಲ್ಲೇ ಕೂತಿದ್ದೆ, ಒಂದೇ ಒಂದು ಆಸೆಯಿಂದ. ಚೀಫ್ ಒಂದು ಸಲ ನನ್ನ ಹತ್ತಿರ ಬಂದು 'ಆ ಏಳು ನನ್ನದು' ಎನ್ನಲಿ. ಮಾಲೀಕರಿಗೆ ಹೇಳುವುದು ಬೇಡ, ಕಾಕಾಗೆ ಹೇಳುವುದೂ ಬೇಡ, ನನಗೆ ಹೇಳಲಿ. ಯಾರಿಗೂ ತಿಳಿಯದ ಹಾಗೆ ಬೈಯಲು ನಮಗೊಂದು ಭಾಷೆ ಇತ್ತಲ್ಲ, ಅದರಲ್ಲೇ ಯಾರಿಗೂ ತಿಳಿಯದ ಹಾಗೆ ಇದನ್ನೂ ಹೇಳಬಹುದಿತ್ತು. ಹೇಳಲಿಲ್ಲ. ನಾನು ಬಿಡುವ ದಿನ ಡ್ರಾಯರಿನ ಕೀಲಿ ಕೊಟ್ಟೆಯಾ ಎಂದು ಮಾತ್ರ ಕೇಳಿದರು. ಅದನ್ನು ಹಿಂದಿಯಲ್ಲಿ ಕೇಳಿದರು. ಮುಂದಿನ ಚಳಿಗಾಲದಿಂದ ತಗ್ಗಿನ ತೋಟಗಳಿಗೆ ನಾಲ್ಕು ಕಳೆಯುವ ಪದ್ಧತಿ ಅಲ್ಲಿ ಶುರುವಾಯಿತು ಎಂದು ಆಮೇಲೆ ತಿಳಿಯಿತು.

ಈಗ ಕೆಲವು ವರ್ಷಗಳಿಂದ ಡೊಂಬಿವಲಿಯ ಮನೆಯಿಂದಲೇ ನಾನು ಸ್ವಂತವಾಗಿ ಇದೇ ಕೆಲಸ ಮಾಡುತ್ತೇನೆ. ಮಾಡೆಲುಗಳು ಎಷ್ಟೋ ಸುಧಾರಿಸಿವೆ, ಅವು ನೆಲವನ್ನು ತುಂಡುಮಾಡಿ ನೋಡುವ ಚೌಕಗಳು ಚಿಕ್ಕವಾಗಿವೆ, ಆದರೂ ಗಾಳಿ ಸತ್ತ ರಾತ್ರಿಗಳಲ್ಲಿ ಇವತ್ತಿಗೂ ಎಡವುತ್ತವೆ. ನಾನೂ ಎಡವುತ್ತೇನೆ. ಎಡವಿದ ಮರುದಿನ ಬೆಳಿಗ್ಗೆ, ಮುಖ ತೊಳೆದು, ಬೆಳೆಗಾರರಿಗೆ ಫೋನ್ ಮಾಡಿ ತಪ್ಪಿದ್ದು ನಾನು ಎನ್ನುತ್ತೇನೆ. ಬೇರೆ ಕಂಪೆನಿಗಳಲ್ಲಿ ಹೀಗೆ ಯಾರೂ ಮಾಡುವುದಿಲ್ಲವಂತೆ. ನನ್ನ ಬಳಿ ಜನ ಉಳಿದಿರುವುದು ಅದೊಂದೇ ಕಾರಣಕ್ಕೆ ಎಂದು ನನಗೆ ಚೆನ್ನಾಗಿ ಗೊತ್ತು. ಈ ಋಣ ಬೇರೆ ಯಾರದ್ದಾದರೂ ಆಗಿದ್ದರೆ ಸಂತೋಷದಿಂದ ಹೊರುತ್ತಿದ್ದೆ.

ಅವರು ತೀರಿಕೊಂಡ ಸುದ್ದಿ ಅಪ್ಪನಿಂದಲೇ ಬಂತು. ಹೋಗಿ ಬಾ, ಕೆಲಸ ಕೊಡಿಸಿದವರು ಎಂದರು. ಎರಡು ದಿನ ಹೋಗುವುದಿಲ್ಲ ಎಂದೆ, ಮೂರನೇ ದಿನ ಸೀರೆ ತೆಗೆದಿಟ್ಟೆ. ವೈಕುಂಠ ಸಮಾರಾಧನೆ ಠಾಣೆಯ ಒಂದು ಸಣ್ಣ ಸಭಾಗೃಹದಲ್ಲಿತ್ತು. ಊಟದ ಮೇಲೆ, ಬಂದವರು ಎರಡೆರಡು ಮಾತು ಹೇಳಿದರು. ಕಚೇರಿಯ ಪರವಾಗಿ ಮಾತಾಡಿದವನು ನಾನು ಬಿಟ್ಟ ಮೇಲೆ ಸೇರಿದವನು, ನನ್ನ ಪರಿಚಯ ಅವನಿಗಿಲ್ಲ. ಚೀಫ್ ತನಗೆ ಕಲಿಸಿದ್ದರಲ್ಲಿ ಒಂದನ್ನು ಮರೆಯಲಾರೆ ಎಂದು ಹಿಂದಿಯಲ್ಲಿ ಶುರುಮಾಡಿದ. ಹಿಂದೆ ಒಂದು ಚಳಿಗಾಲದಲ್ಲಿ ಚೀಫ್ ಏಳು ಡಿಗ್ರಿ ಎಂದು ಹೇಳಿದ್ದರಂತೆ, ರಾತ್ರಿ ಎರಡಕ್ಕೆ ಇಳಿದು ಒಬ್ಬರ ದ್ರಾಕ್ಷಿ ತೋಟ ಸುಟ್ಟುಹೋಯಿತಂತೆ. ಕೈಕೆಳಗಿನವರ ಮೇಲೆ ಹಾಕಬಹುದಿತ್ತು, ಮಾಡೆಲಿನ ಮೇಲೆ ಹಾಕಬಹುದಿತ್ತು. ಚೀಫ್ ಹಾಗೆ ಮಾಡದೆ ಬೆಳಿಗ್ಗೆ ತಾವೇ ಆ ಬೆಳೆಗಾರನಿಗೆ ಫೋನ್ ಮಾಡಿ ತಪ್ಪಿದ್ದು ನಾನು ಎಂದರಂತೆ. ಹೊಸಬರು ಸೇರಿದಾಗಲೆಲ್ಲ ಅವರು ತಮ್ಮ ಬಾಯಿಂದಲೇ ಈ ಸಂಗತಿ ಹೇಳುತ್ತಿದ್ದರಂತೆ. ಸಭೆಯಲ್ಲಿ ಒಬ್ಬಿಬ್ಬರು ಕಣ್ಣೊರೆಸಿಕೊಂಡರು.

ತಪ್ಪನ್ನು ನನ್ನ ತಲೆಗೆ ಕಟ್ಟಿದ್ದು ಸಾಲದೆ, ಆ ಫೋನನ್ನೂ ಕಿತ್ತುಕೊಂಡಿದ್ದರು. ಕಾಕಾನ ಆ ಪ್ರಶ್ನೆ ಕೇಳಿಸಿಕೊಂಡು ನಿಂತವಳು ನಾನು, ಅದರ ಹೊಗಳಿಕೆ ಅವರಿಗೆ. ಎದ್ದು ನಿಂತು ಅಲ್ಲೇ ಹೇಳಿಬಿಡುತ್ತೇನೆ ಎಂದುಕೊಂಡೆ. ಆಮೇಲೆ ಇನ್ನೊಂದು ಹೊಳೆದು ಸಿಟ್ಟು ಮತ್ತೂ ಏರಿತು. ಆ ಕಥೆ ಹೇಳಬೇಕಾದರೆ ಅವರು ಪ್ರತಿ ಸಲವೂ ಆ ಏಳು ನನ್ನದು ಎನ್ನಲೇಬೇಕಾಗಿತ್ತು. ಮುಖ ಪರಿಚಯವೂ ಇಲ್ಲದ ಹೊಸಬರ ಮುಂದೆಲ್ಲ ಅಂದಿದ್ದಾರೆ. ನನ್ನೊಬ್ಬಳಿಗೆ ಬಿಟ್ಟು.

ಹೊರಡುವಾಗ ಅವರ ಹೆಂಡತಿ ಕೈಸನ್ನೆ ಮಾಡಿ ಕರೆದರು. ಕೋಪರಿಯ ಮನೆಯಲ್ಲಿ ಅರಿಸಿನ ಕುಂಕುಮಕ್ಕೆ ಹೋದಾಗ ಒಂದೆರಡು ಸಲ ನೋಡಿದ್ದೆ, ಅಷ್ಟೇ. ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದವರು ನನ್ನ ಮಣಿಕಟ್ಟು ಹಿಡಿದು ಹತ್ತಿರ ಎಳೆದುಕೊಂಡರು.

"ನೀನು ಆಗ ಅಲ್ಲಿ ಇದ್ದೆ ಅಲ್ವಾ ಮಗಾ? ಆ ಫೋನಿನ ಸಂಗತಿ ಹೌದಾ?"

ನಾನು ಬಾಯಿ ತೆರೆಯುವ ಮೊದಲೇ ಅವರು ಮುಂದುವರಿಸಿದರು.

"ಮನೆಯಲ್ಲಿ ಒಂದು ದಿನ ತಪ್ಪಾಯ್ತು ಅಂದವರಲ್ಲ ಇವರು. ನನ್ನ ಹತ್ರ ಇಲ್ಲ, ಮಗನ ಹತ್ರವೂ ಇಲ್ಲ. ಮಗ ಅದಕ್ಕೇ ಮಾತು ಬಿಟ್ಟಿದ್ದ. ಹೊರಗೆ ಒಬ್ಬರಿಗಾದ್ರೂ ಹೇಳಿದ್ದಾರಾ ಅಂತ ಗೊತ್ತಾಗ್ಬೇಕಿತ್ತು ನಂಗೆ. ಹೌದಾ ಅಲ್ವಾ, ಹೇಳು."

ಸುತ್ತ ಇದ್ದವರೆಲ್ಲ ಊರಿನವರು. ನಾನು ಕನ್ನಡದಲ್ಲಿ ಏನು ಹೇಳಿದರೂ ಪ್ರತಿಯೊಬ್ಬರಿಗೂ ತಿಳಿಯುವಂಥ ಜಾಗ. ಇಷ್ಟು ವರ್ಷ ಕಾದದ್ದು ಇಂಥದ್ದೇ ಒಂದು ಜಾಗಕ್ಕೆ. ಅವರು ಮಣಿಕಟ್ಟಿನ ಹಿಡಿತ ಬಿಡಲಿಲ್ಲ.

"ಹೌದಮ್ಮ," ಎಂದೆ. "ತಪ್ಪಿದ್ದು ಅವರೇ. ಹಾಗಂತ ಅವರು ಹೇಳಿದ್ದೂ ಹೌದು."

ಅವರು ಕೈ ಬಿಟ್ಟು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಬಾಗಿಲ ಹತ್ತಿರ ನಿಂತಿದ್ದ ಮಗ ಬಂದು ತಾಯಿಯ ಪಕ್ಕ ಕೂತ. ನಾನು ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಇಳಿದುಬಂದೆ.

ಬದುಕಿದ್ದಾಗ ಒಂದು ಸಲ, ಸತ್ತ ಮೇಲೆ ಒಂದು ಸಲ, ಆ ಮನುಷ್ಯ ತನ್ನ ತಪ್ಪನ್ನು ನನ್ನ ಬಾಯಿಂದಲೇ ಒಪ್ಪಿಸಿದರು. ಎರಡು ಸಲವೂ ಬೇರೆಯವರ ಮುಖ ನೋಡಿ ಅರ್ಧ ನುಂಗಿದೆ. ಆ ಅರ್ಧ ಇಲ್ಲಿದೆ, ಅವರು ನನ್ನನ್ನು ಬೈಯಲು ಇಟ್ಟುಕೊಂಡಿದ್ದ ಭಾಷೆಯಲ್ಲಿ. ಏಳು ಬರೆದವರು ಅವರು. ಫೋನ್ ಮಾಡಿದವಳು ನಾನು.